ಮಳೆ ಕಾಯ್ದ ರಾಜಧಾನಿಗಳು

ಕೆಳದಿ, ಇಕ್ಕೇರಿ, ಬಿದನೂರು. ಕಾಲೇಜು ಪ್ರವಾಸದ ಬಸ್ಸುಗಳು ಇಲ್ಲಿಗೆ ಬರುವುದು ಡಿಸೆಂಬರ್‌ನ ಬಿಸಿಲಿಗೆ. ಈ ಊರುಗಳು ಹುಟ್ಟಿದ್ದು, ಬೆಳೆದದ್ದು, ಅಳಿದದ್ದು ಮಾತ್ರ ಮಳೆಯ ಲೆಕ್ಕದಲ್ಲಿ. ಪುನರ್ವಸು ಮಳೆ ಹುಯ್ಯುತ್ತಿದ್ದ ಒಂದು ದಿನ, ಶಿವಮೊಗ್ಗದ ಪದವಿ ವಿದ್ಯಾರ್ಥಿಗಳ ಜೊತೆ ಮಲೆನಾಡಿನ ಮೂರು ಹಳೆಯ ರಾಜಧಾನಿಗಳನ್ನು ಕಂಡು ಬಂದ ಕಥನ.

“ಹಗ್ಗ ಬಿಗಿಯಾಗಿ ಹಿಡ್ಕೊಳೋ, ಜೋತು ಬೀಳ್ತಿದೆ!”

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಮಂಟಪದಲ್ಲಿ ಇಬ್ಬರು ಹುಡುಗರು ನಡುವಿನ ಎರಡು ಕಂಬಗಳಿಗೆ ಬೆನ್ನು ಕೊಟ್ಟು ನಿಂತಿದ್ದರು. ಅವರ ನಡುವೆ ಹಸಿರು ನೈಲಾನ್ ಹಗ್ಗ. ಹುಡುಗಿಯೊಬ್ಬಳು ಮೊಣಕಾಲೂರಿ, ಹಗ್ಗದ ಗುಂಟ ಟೈಲರ್ ಟೇಪು ಹಾಯಿಸುತ್ತಿದ್ದಳು. ಉಳಿದವರು ಸುತ್ತ ನೆರೆದು ಮೊಬೈಲ್ ಟಾರ್ಚ್ ಹಿಡಿದಿದ್ದರು.

ಹೊರಗೆ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ಎದುರಿನ ನಂದಿ ಮಂಟಪ ಒಮ್ಮೆ ಕಾಣುತ್ತಿತ್ತು, ಮರುಗಳಿಗೆ ಮರೆಯಾಗುತ್ತಿತ್ತು. ಕಲ್ಲಿನ ಸೂರು ಗೋಡೆಯಿಂದ ಎಷ್ಟು ಮುಂದಕ್ಕೆ ಚಾಚಿದೆ, ಎಷ್ಟು ಇಳಿಜಾರಾಗಿದೆ ಎಂಬುದು ಆಗ ಗೊತ್ತಾಗುತ್ತದೆ. ಅಂಚಿನಿಂದ ಧುಮುಕುವ ನೀರು ಗೋಡೆಯ ಶಿಲ್ಪಗಳನ್ನು ಮುಟ್ಟದೆ ದೂರಕ್ಕೆ ಬೀಳುತ್ತಿತ್ತು.

ಅಳತೆಗೆ ಕಾರಣವಿತ್ತು. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಒಂದು ಸಂಗತಿ ದಾಖಲಿಸಿದ್ದಾರೆ. ಈ ದೇವಸ್ಥಾನದ ನಡುಗಂಬಗಳ ಅಂತರವೇ ಆ ಸೀಮೆಯ ತೋಟದ ಜಮೀನಿಗೆ ಅಳತೆಗೋಲಾಗಿತ್ತು. ಉದ್ದ 18 ಅಡಿ 6 ಅಂಗುಲ. ಅಗೆತಕ್ಕೆಂದು ಬಿಡುವ 4 ಅಡಿಯೂ ಸೇರಿ ಒಂದು ಮರಕ್ಕೆ ಇಷ್ಟು ಜಾಗ ಎಂಬ ಲೆಕ್ಕ.

ಬಸ್ಸಿನಲ್ಲಿ ಇದನ್ನು ಹೇಳಿದ್ದೇ ತಡ, ಮಕ್ಕಳಿಗೆ ಅಳೆದೇ ನೋಡುವ ಹಟ ಹುಟ್ಟಿತು. ಕಂಬದ ಮಧ್ಯದಿಂದ ಮಧ್ಯಕ್ಕೆ ಅಳೆಯಬೇಕೋ, ಅಂಚಿನಿಂದ ಅಂಚಿಗೋ ಎಂಬ ವಾದ ಕೊನೆಗೂ ಮುಗಿಯಲಿಲ್ಲ. ಆದರೆ ಹರಪನಹಳ್ಳಿ ಕಡೆಯ ಹುಡುಗನೊಬ್ಬ ಒಂದು ಒಳ್ಳೆಯ ಪ್ರಶ್ನೆ ಕೇಳಿದ.

“ಅಗೆತ ಯಾಕ್ ಬೇಕು ಮೇಡಂ? ಗಿಡ ನೆಡೋಕೆ ಅಷ್ಟು ದೊಡ್ಡ ಗುಂಡಿನಾ?”

ಇತಿಹಾಸ ಪಾಠ ಮಾಡುವ ಮೇಡಂ ಬಾಯಿ ತೆರೆಯುವ ಮೊದಲೇ ಸಾಗರ ಸೀಮೆಯ ಹುಡುಗಿ ಉತ್ತರ ಕೊಟ್ಟಳು: “ಬಸಿಗಾಲುವೆಗೆ ಇರ್ಬೇಕು ಮಾರಾಯ. ಹೊರಗೆ ನೋಡು. ಈ ನೀರು ತೋಟದಲ್ಲಿ ನಿಂತ್ರೆ ಅಡಿಕೆ ಬೇರು ಕೊಳ್ತು ಹೋಗತ್ತೆ. ನಮ್ಮನೆ ತೋಟದಲ್ಲಿ ಮರಕ್ಕಿಂತ ಕಾಲುವೆ ಕೆಲಸಾನೇ ಹೆಚ್ಚು.”

ಅವಳದು ಊಹೆ. ಆದರೆ ತೋಟ ಮಾಡುವ ಮನೆಯವರ ಊಹೆ. ದೇವಸ್ಥಾನದ ಕಂಬ, ಅಡಿಕೆ ತೋಟ, ಅರಸರ ಕಂದಾಯ, ಮುಂಗಾರು ಮಳೆ, ನಾಲ್ಕನ್ನೂ ಅವಳು ಒಂದೇ ಉಸಿರಿನಲ್ಲಿ ಜೋಡಿಸಿದ್ದಳು. ಜನವರಿಯಲ್ಲಿ ಬಂದಿದ್ದರೆ ಆ ಹುಡುಗ ಪ್ರಶ್ನೆ ಕೇಳುತ್ತಿರಲಿಲ್ಲ, ಈ ಹುಡುಗಿ ಹೊರಗೆ ಕೈ ತೋರಿಸುತ್ತಲೂ ಇರಲಿಲ್ಲ.

ಬಿಸಿಲಿನ ಪ್ರವಾಸ, ಮಳೆಯ ಚರಿತ್ರೆ

ನಮ್ಮ ಶಾಲೆ ಕಾಲೇಜುಗಳ ಪ್ರವಾಸದ ಹಂಗಾಮು ಡಿಸೆಂಬರ್, ಜನವರಿ. ರಸ್ತೆ ಒಣಗಿರುತ್ತದೆ, ಮಕ್ಕಳು ನೆನೆಯುವುದಿಲ್ಲ, ಪೋಷಕರಿಗೆ ನೆಮ್ಮದಿ. ಈ ಲೆಕ್ಕ ಹಂಪಿಗೆ ಸರಿ, ಬಾದಾಮಿಗೆ ಸರಿ. ಮಲೆನಾಡಿಗೆ ಸರಿಯಲ್ಲ.

ಈ ಕಾಲೇಜಿನ ಇತಿಹಾಸ ವಿಭಾಗದವರು ಆಷಾಢದಲ್ಲಿ ಹೊರಟಾಗ ಫೋನುಗಳು ಬಂದವು. “ಈ ಮಳೇಲಿ ಎಂತ ನೋಡ್ತೀರಿ ಸಾರ್?” ಎಂದವರೇ ಹೆಚ್ಚು. ಬೆಳಗಿನ ಆರಕ್ಕೆ ಬಸ್ಸು ಹೊರಟಾಗ ಅರ್ಧದಷ್ಟು ಮಕ್ಕಳು ಬಯಲುಸೀಮೆಯವರು, ಹಾಸ್ಟೆಲಿನಲ್ಲಿದ್ದು ಓದುವವರು. ಆನಂದಪುರ ದಾಟುತ್ತಿದ್ದಂತೆ ಕಿಟಕಿಯ ಗಾಜು ಮಬ್ಬಾಯಿತು. ಅವರಲ್ಲಿ ಕೆಲವರು ಬಿಡುವಿಲ್ಲದೆ ಸುರಿಯುವ ಮಳೆಯನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ನನಗೆ ಆ ಪ್ರಯಾಣದಲ್ಲಿ ಖಚಿತವಾದ ಮಾತು ಇದು: ಕೆಳದಿ ಅರಸರ ಚರಿತ್ರೆಯಲ್ಲಿ ಮಳೆ ಹಿನ್ನೆಲೆಯ ಚಿತ್ರವಲ್ಲ, ಅದೊಂದು ಪಾತ್ರ. ಮೆಣಸು ಬೆಳೆಸಿದ್ದು ಅದು, ಭತ್ತ ಬೆಳೆಸಿದ್ದು ಅದು, ವರ್ಷದ ಅರ್ಧ ಭಾಗ ಶತ್ರುವಿನ ಕುದುರೆ, ಫಿರಂಗಿ ಘಟ್ಟ ಹತ್ತದಂತೆ ತಡೆದದ್ದೂ ಅದೇ.

ಕೆಳದಿಯಲ್ಲಿ ತಾಳೆಗರಿ

ಸಾಗರದಿಂದ ಕೆಳದಿ ಹತ್ತು ಕಿಲೋಮೀಟರ್‌ಗಿಂತ ಕಡಿಮೆ. ಸುತ್ತ ಗದ್ದೆ, ಅಂಚಿಗೆ ಅಡಿಕೆ ತೋಟ, ನಡುವೆ ಪುಟ್ಟ ಊರು. ರಾಜಧಾನಿಯ ಗತ್ತು ಏನೂ ಕಾಣುವುದಿಲ್ಲ. 1499ರ ಹೊತ್ತಿಗೆ ಚೌಡಪ್ಪ ನಾಯಕ ಇಲ್ಲಿಂದಲೇ ಆಳ್ವಿಕೆ ಆರಂಭಿಸಿದ. ಅವನ ಮಗ ಸದಾಶಿವ ನಾಯಕ ವಿಜಯನಗರದ ಪರವಾಗಿ ಕಾದಾಡಿ ‘ಕೋಟೆ ಕೋಲಾಹಲ’ ಎಂಬ ಬಿರುದು ಪಡೆದ.

ರಾಮೇಶ್ವರ, ವೀರಭದ್ರ, ಪಾರ್ವತಿ ಗುಡಿಗಳು ಒಂದೇ ಅಂಗಳದಲ್ಲಿವೆ. ಹೊರಗಿನಿಂದ ನೋಡಿದರೆ ಹೆಂಚು ಹೊದ್ದ ಮಲೆನಾಡಿನ ದೊಡ್ಡ ಮನೆ. ಒಳಗೆ ತಲೆಯೆತ್ತಿದರೆ ಆನೆ, ಸಿಂಹಗಳನ್ನು ಹಿಡಿದ ಗಂಡಭೇರುಂಡ ಚಾವಣಿಯಲ್ಲಿ. ಪಾರ್ವತಿ ಗುಡಿಯ ಮರದ ಚಾವಣಿಯ ಕೆತ್ತನೆ ನೋಡುತ್ತ ಹುಡುಗಿಯರ ಗುಂಪು ಅಲ್ಲೇ ಉಳಿದುಬಿಟ್ಟಿತು.

ಇಷ್ಟು ನೀರು ಬೀಳುವ ನಾಡಿನಲ್ಲಿ ಮರ ಇಷ್ಟು ವರ್ಷ ಬಾಳಿದ್ದು ಸೂರಿನ ದಯೆಯಿಂದ. ಹಾಗೆಂದೇ ಇಲ್ಲಿ ಗೋಪುರದ ಎತ್ತರಕ್ಕಿಂತ ಮಾಡಿನ ಅಗಲಕ್ಕೆ ಮರ್ಯಾದೆ.

ಕೆಳದಿಯ ವಸ್ತುಸಂಗ್ರಹಾಲಯವನ್ನು ಬಿಟ್ಟು ಮುಂದೆ ಹೋಗಬಾರದು. ಇತಿಹಾಸ ಸಂಶೋಧಕ ಕೆಳದಿ ಗುಂಡಾ ಜೋಯಿಸರು ಮನೆ ಮನೆ ಸುತ್ತಿ ಕೂಡಿಸಿದ ತಾಳೆಗರಿ, ಕಡತ, ನಾಣ್ಯ, ಆಯುಧಗಳು ಇಲ್ಲಿವೆ. ಈಗ ಇದು ಕುವೆಂಪು ವಿಶ್ವವಿದ್ಯಾಲಯದ ಆಡಳಿತದಲ್ಲಿದೆ. ಕನ್ನಡ, ಸಂಸ್ಕೃತದ ಜೊತೆಗೆ ತಿಗಳಾರಿ ಲಿಪಿಯ ಗರಿಗಳೂ ಇವೆ.

ತಾಳೆಗರಿಗೆ ಮಳೆಗಾಲವೇ ದೊಡ್ಡ ವೈರಿ. ತೇವ ತಾಗಿದರೆ ಬೂಷ್ಟು ಹಿಡಿಯುತ್ತದೆ, ಹುಳು ಬೀಳುತ್ತದೆ. ನಿಂಬೆಹುಲ್ಲಿನ ಎಣ್ಣೆ ಸವರಿ, ನೆರಳಿನಲ್ಲಿ ಆರಿಸಿ, ಬಟ್ಟೆಯಲ್ಲಿ ಸುತ್ತಿ ಇಟ್ಟು ಅದನ್ನು ಕಾಯಬೇಕು. ಕೆಳದಿ ನಾಯಕರ ಕಾಗದ ಪತ್ರ ಇಂದು ಓದಲು ಸಿಗುತ್ತದೆ ಎಂದರೆ, ಪ್ರತಿ ಆಷಾಢದಲ್ಲೂ ಯಾರೋ ಒಬ್ಬರು ಅದನ್ನು ಬಿಚ್ಚಿ, ಒರೆಸಿ, ಮತ್ತೆ ಕಟ್ಟಿದ್ದಾರೆ ಎಂದರ್ಥ. ಇತಿಹಾಸ ಓದುವ ಮಕ್ಕಳಿಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ಇಲ್ಲ ಎಂದೇ ನನ್ನ ಭಾವನೆ.

> ಚೌಕಟ್ಟು: ಕೆಳದಿ, ಒಂದು ನೋಟ
>
> ಆಳ್ವಿಕೆ: 1499ರಿಂದ 1763. ಮೊದಲು ವಿಜಯನಗರದ ಸಾಮಂತರು, ಆಮೇಲೆ ಸ್ವತಂತ್ರರು.
>
> ಶಿವಪ್ಪ ನಾಯಕ (1645–1660): ಭೂಮಿಯನ್ನು ಐದು ದರ್ಜೆಯಾಗಿ ವಿಂಗಡಿಸಿ ಕಂದಾಯ ನಿಗದಿ ಮಾಡಿದ ‘ಶಿಸ್ತು’ ಇವನ ಹೆಸರಿನೊಂದಿಗೇ ಉಳಿದಿದೆ. ಹಲವು ವರ್ಷಗಳ ಇಳುವರಿ ನೋಡಿ, ಉತ್ಪನ್ನದ ಮೂರನೇ ಒಂದು ಪಾಲನ್ನು ಕಂದಾಯವಾಗಿ ಗೊತ್ತು ಮಾಡಿದ ಎಂದು ಪ್ರತೀತಿ.
>
> ರಾಣಿ ಚೆನ್ನಮ್ಮ (1671–1696): ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯ ಕೊಟ್ಟಳು.
>
> ಬಸವಪ್ಪ ನಾಯಕ: ಸಂಸ್ಕೃತದ ವಿಶ್ವಕೋಶ ‘ಶಿವತತ್ತ್ವರತ್ನಾಕರ’ದ ಕರ್ತೃ.
>
> ನಾಣ್ಯ: ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಹೋದ ಮೇಲೂ ಈ ಅರಸರ ವರಹ ‘ಇಕ್ಕೇರಿ ವರಹ’ವೆಂದೇ ಚಲಾವಣೆಯಲ್ಲಿತ್ತು.

ರೋಮ್‌ನಿಂದ ಬಂದವನು ಕಂಡ ಮಕ್ಕಳು

ಕೆಳದಿಯಿಂದ ಇಕ್ಕೇರಿಗೆ ಬರುವಾಗ ಬಸ್ಸಿನಲ್ಲಿ ಮೇಡಂ ಒಂದು ಕಥೆ ಹೇಳಿದರು. ನಿಜ ಕಥೆ.

1623ರ ನವೆಂಬರ್. ರೋಮ್ ನಗರದ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಹೊರಟಿದ್ದ. ಆಗ ವೆಂಕಟಪ್ಪ ನಾಯಕನ ಕಾಲ; ಪೋರ್ಚುಗೀಸರಿಗೆ ಬೇಕಾಗಿದ್ದದ್ದು ಮೆಣಸು. ಹೊನ್ನಾವರದವರೆಗೆ ಸಮುದ್ರ, ಅಲ್ಲಿಂದ ಗೇರುಸೊಪ್ಪೆ, ಆಮೇಲೆ ಕಡಿದಾದ ಘಟ್ಟ. ಮಳೆಗಾಲ ಮುಗಿದ ಮೇಲೆಯೇ ಹೊರಟಿದ್ದರು.

ದಾರಿಯಲ್ಲೊಂದು ಗುಡಿಯ ಜಗಲಿಯಲ್ಲಿ ಅವನು ನಾಲ್ಕು ಮಕ್ಕಳನ್ನು ಕಂಡ. ನೆಲದ ಮೇಲೆ ಸಣ್ಣ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ಬರೆದದ್ದನ್ನು ರಾಗವಾಗಿ ಹಾಡುತ್ತ ಲೆಕ್ಕ ಕಲಿಯುತ್ತಿದ್ದರು. ಜಾಗ ತುಂಬಿದರೆ ಕೈಯಿಂದ ಸವರಿ ಹೊಸ ಮರಳು ಹಾಕುತ್ತಿದ್ದರು. ಗುರುಗಳು ಯಾರೂ ಇರಲಿಲ್ಲ. ಮರೆತರೆ ತಿದ್ದುವವರು ಯಾರು ಎಂದು ಅವನು ಕೇಳಿದ. ನಾವು ನಾಲ್ವರೂ ಒಂದೇ ಸಲ ಮರೆಯುವುದುಂಟೇ ಎಂಬ ಅರ್ಥದ ಉತ್ತರ ಬಂತು. ಈ ಬಗೆಯ ಕಲಿಕೆಯನ್ನು ಅವನು ಮೆಚ್ಚಿ ತನ್ನ ಪತ್ರದಲ್ಲಿ ಬರೆದಿಟ್ಟ.

ಬಸ್ಸಿನಲ್ಲಿ ಚಪ್ಪಾಳೆ ಬಿತ್ತು. ನಾಲ್ಕು ಶತಮಾನಗಳ ಹಿಂದಿನ ಆ ಹೆಸರಿಲ್ಲದ ಮಕ್ಕಳು ಯಾವ ಶಾಸನದಲ್ಲೂ ಇಲ್ಲ. ಅರಸರ ವಂಶಾವಳಿಯನ್ನು ಬಾಯಿಪಾಠ ಮಾಡಿಸುವ ನಾವು, ಅವರನ್ನೂ ಪಾಠದೊಳಗೆ ತರಬೇಕು.

“ಅರಮನೆ ಎಲ್ಲಿ ಮೇಡಂ?”

ಇಕ್ಕೇರಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದೇ. ದೇವಸ್ಥಾನ ಇದೆ, ಬೃಹತ್ ನಂದಿ ಇದೆ, ದೇವರ ಪೀಠದ ಸುತ್ತ ಕೆತ್ತಿದ ಸ್ತ್ರೀ ಆಕೃತಿಗಳಿವೆ. ಗರ್ಭಗುಡಿಯ ಎದುರಿನ ನೆಲದ ಮೇಲೆ ಕೆಳದಿಯ ಮೂವರು ನಾಯಕರು ದೇವರಿಗೆ ನಮಸ್ಕರಿಸುತ್ತಿರುವ ಚಿತ್ರಗಳೂ ಇವೆ. ಅವರಲ್ಲಿ ಹುಚ್ಚ ಸೋಮಣ್ಣ ನಾಯಕನ ಕೈಕಾಲಿಗೆ ಬೇಡಿ ತೊಡಿಸಿದೆ. ಇಷ್ಟೆಲ್ಲ ಕಲ್ಲಿನಲ್ಲಿ ಉಳಿದಿರುವಾಗ ರಾಜ ಇದ್ದ ಮನೆ ಎಲ್ಲಿ?

ಉತ್ತರ ರೈಸ್‌ರ ಗೆಜೆಟಿಯರ್‌ನಲ್ಲೇ ಇದೆ. ಒಂದರೊಳಗೊಂದು ಮೂರು ಸುತ್ತಿನ ಕೋಟೆ, ಅದರ ಒಳಗೆ ಮಣ್ಣು ಮತ್ತು ಮರದಿಂದ ಕಟ್ಟಿ, ಕೆತ್ತನೆ ಮಾಡಿ, ಹೊಳಪು ಕೊಟ್ಟ ಅರಮನೆ. ದೇವರಿಗೆ ಕಲ್ಲು, ದೊರೆಗೆ ಮಣ್ಣು. ವಾಸದ ಮನೆಗೆ ಮಣ್ಣಿನ ಗೋಡೆ, ಮರದ ಕಂಬ, ದೊಡ್ಡ ಮಾಡು ಎಂಬುದು ಮಲೆನಾಡಿನ ರೂಢಿ. ವರ್ಷ ವರ್ಷ ಮಾಡು ಹೊದೆಸುವವರು ಇರುವವರೆಗೆ ಅಂಥ ಮನೆ ನೂರು ವರ್ಷ ನಿಲ್ಲುತ್ತದೆ. ಊರು ಬಿಟ್ಟ ಮೇಲೆ ಕೆಲವೇ ಮಳೆಗಾಲಕ್ಕೆ ಗೋಡೆ ಕರಗಿ ದಿಬ್ಬವಾಗುತ್ತದೆ.

ಮಂಟಪದ ಅಂಚಿನಲ್ಲಿ ನಿಂತು ಕೆಂಪು ನೀರು ಹರಿದು ಹೋಗುವುದನ್ನು ನೋಡುತ್ತಿದ್ದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಊರು ಬಿಟ್ಟದ್ದು ಯಾಕೆ? 1637ರ ಕೊನೆಯಲ್ಲಿ ಬಿಜಾಪುರದ ರಣದುಲ್ಲಾ ಖಾನನ ಸೈನ್ಯ ಇಕ್ಕೇರಿಯನ್ನು ಹಿಡಿದು ಲೂಟಿ ಮಾಡಿತು. ಅದಾದ ಒಂದೆರಡು ವರ್ಷಕ್ಕೆ ವೀರಭದ್ರ ನಾಯಕ ರಾಜಧಾನಿಯನ್ನು ದಕ್ಷಿಣಕ್ಕೆ, ಘಟ್ಟದ ಅಂಚಿಗೆ, ಇನ್ನೂ ದಟ್ಟ ಕಾಡಿಗೆ, ಇನ್ನೂ ಹೆಚ್ಚು ಮಳೆಗೆ ಒಯ್ದ. ಆ ಊರೇ ಬಿದನೂರು.

ಮಳೆಯ ನೆತ್ತಿಗೆ

ಹೊಸನಗರದ ದಾರಿಯಲ್ಲಿ ಮಳೆಗೆ ಅರ್ಧ ಗಂಟೆ ಬಿಡುವು ಸಿಕ್ಕಿತು. ಅಷ್ಟರಲ್ಲೇ ತೋಟಗಳಲ್ಲಿ ಚುರುಕು. ಮೈಲುತುತ್ತ, ಸುಣ್ಣ ಕದಡಿದ ನೀಲಿ ದ್ರಾವಣವನ್ನು ಅಡಿಕೆ ಕೊನೆಗಳಿಗೆ ಹೊಡೆಯುವವರು ಕಂಡರು. ಔಷಧಿ ಕೊನೆಗೆ ಅಂಟಿ ಒಣಗಲು ಈ ಬಿಡುವೇ ಬೇಕು. ತಪ್ಪಿದರೆ ಕೊಳೆರೋಗ, ಕೊಳೆ ಬಂದರೆ ಆ ಮನೆಯ ವರ್ಷದ ಆದಾಯವೇ ಉದುರಿದಂತೆ. ಬಯಲುಸೀಮೆಯ ಮಕ್ಕಳಿಗೆ ಮಳೆ ಬಾರದ ಚಿಂತೆ ಗೊತ್ತು. ಮಳೆ ನಿಲ್ಲದ ಚಿಂತೆಯನ್ನು ಅವರು ಅಂದು ಕಂಡರು.

ಹೊಸನಗರದಲ್ಲಿ ಊಟ. ಬಿಸಿ ಅನ್ನ, ಒಂದೆಲಗದ ತಂಬುಳಿ, ಕಳಲೆ ಪಲ್ಯ, ಹಲಸಿನ ಹಪ್ಪಳ. ಕಳಲೆಯನ್ನು ನೀರು ಬದಲಿಸುತ್ತ ನೆನೆಹಾಕದೆ ಅಡುಗೆಗೆ ಬಳಸಬಾರದು ಎಂದು ಬಡಿಸುತ್ತಿದ್ದ ಅಮ್ಮ ಹೇಳಿದರು. ಮಳೆಗಾಲದಲ್ಲಿ ಪೇಟೆಗೆ ಹೋಗಲಾಗದ ಮನೆಗಳು ಕಂಡುಕೊಂಡ ಊಟ ಇದು.

ಶರಾವತಿಯ ಹಿನ್ನೀರು ಕೆಂಪಾಗಿ ಏರುತ್ತಿತ್ತು. ಮುಂದೆ ಹದಿನೇಳೆಂಟು ಕಿಲೋಮೀಟರ್ ಹೋದರೆ ಇಂದಿನ ನಗರ, ಅಂದಿನ ಬಿದನೂರು. ಇಲ್ಲಿಂದ ಹುಲಿಕಲ್ ದೂರವಲ್ಲ. ಮಳೆಯಲ್ಲಿ ಆಗುಂಬೆಯೊಂದಿಗೆ ಪೈಪೋಟಿಗೆ ಬೀಳುವ ಊರದು.

ಕೋಟೆಯ ಬಾಗಿಲಿಗೆ ಬಂದಾಗ ಮಳೆ ಮತ್ತೆ ಹಿಡಿದುಕೊಂಡಿತು. ಕಲ್ಲಿನ ಗೋಡೆಗಳಲ್ಲಿ ಹಾವಸೆ, ಸಂದಿಗಳಲ್ಲಿ ಜರಿಗಿಡ, ಕಂದಕದಲ್ಲಿ ನೀರು. ದರ್ಬಾರಿನ ಜಗಲಿ ಉಳಿದಿದೆ, ಅದರ ಮೇಲಿನ ಮಾಡು ಇಲ್ಲ. ಒಳಗಿನ ಅಕ್ಕ ತಂಗಿ ಕೊಳಗಳು ತುಂಬಿದ್ದವು. ಬುರುಜಿನ ಮೇಲೆ ನಿಂತರೆ ಸುತ್ತ ಗುಡ್ಡ, ಗುಡ್ಡದ ಮೇಲೆ ಮೋಡ.

ಈ ಕಾಡಿನ ನಡುವಿನ ಊರನ್ನು ಒಂದು ಕಾಲಕ್ಕೆ ಲಕ್ಷ ಮನೆಯ ಪಟ್ಟಣವೆಂದು ಕರೆಯುತ್ತಿದ್ದರು. ಘಟ್ಟದ ಕೆಳಗಿನ ಬಸರೂರು, ಹೊನ್ನಾವರ, ಮಂಗಳೂರು ಬಂದರುಗಳಿಗೆ ಮೆಣಸು, ಅಕ್ಕಿ ಇಳಿಯುತ್ತಿತ್ತು; ಅಲ್ಲಿಂದ ಹೊನ್ನು ಹತ್ತುತ್ತಿತ್ತು.

ಬೇಸಿಗೆಯಲ್ಲಿ ಸೋತ ಊರು

ಬುರುಜಿನ ಕೆಳಗೆ, ಗೋಡೆಗೆ ಒತ್ತಿಕೊಂಡು ನಿಂತಾಗ ಮೇಡಂ ಮಕ್ಕಳಿಗೆ ಒಂದು ಕೆಲಸ ಕೊಟ್ಟರು. ಈ ರಾಜ್ಯದ ರಾಜಧಾನಿಗಳು ಶತ್ರುವಿನ ಕೈಗೆ ಬಿದ್ದ ಇಸವಿಗಳನ್ನು ಮಾತ್ರವಲ್ಲ, ತಿಂಗಳುಗಳನ್ನೂ ಹೇಳಿ.

ಇಕ್ಕೇರಿ ಬಿದ್ದದ್ದು 1637ರ ಕೊನೆಗೆ, ಮಳೆಗಾಲ ಮುಗಿದ ಮೇಲೆ.

ಹೈದರಾಲಿ ಬಿದನೂರನ್ನು ಹಿಡಿದದ್ದು 1763ರ ಮಾರ್ಚ್‌ನಲ್ಲಿ. ಹಳ್ಳ ಕೊಳ್ಳಗಳು ಬತ್ತುವ ಕಾಲ. ಸೆರೆಯಲ್ಲಿದ್ದ ಮಾಜಿ ಮಂತ್ರಿಯೊಬ್ಬ ಒಳದಾರಿ ತೋರಿಸಿದ ಎಂದು ಚರಿತ್ರೆಕಾರ ವಿಲ್ಕ್ಸ್ ಬರೆಯುತ್ತಾನೆ. ರಾಣಿ ವೀರಮ್ಮಾಜಿ ಅರಮನೆಗೆ ಬೆಂಕಿ ಇಡಲು ಹೇಳಿ ಬಲ್ಲಾಳರಾಯನ ದುರ್ಗಕ್ಕೆ ಹೋದಳು. ಕೊನೆಗೆ ಸೆರೆಸಿಕ್ಕಿ ಮಧುಗಿರಿ ಕೋಟೆ ಸೇರಿದಳು. ಹೈದರನಿಗೆ ಸಿಕ್ಕ ಸಂಪತ್ತನ್ನು ವಿಲ್ಕ್ಸ್ 1 ಕೋಟಿ 20 ಲಕ್ಷ ಪೌಂಡ್ ಎಂದು ಅಂದಾಜು ಮಾಡಿದ. ಊರಿಗೆ ಹೈದರನಗರ ಎಂಬ ಹೊಸ ಹೆಸರು ಬಂತು.

ಇಪ್ಪತ್ತು ವರ್ಷದ ಮೇಲೆ, 1783ರ ಆರಂಭದಲ್ಲಿ, ಜನರಲ್ ಮ್ಯಾಥ್ಯೂಸ್‌ನ ಇಂಗ್ಲಿಷ್ ಸೈನ್ಯ ಅದನ್ನು ವಶಪಡಿಸಿಕೊಂಡಿತು. ಮುಂಗಾರು ಇಳಿಯುವ ಮೊದಲೇ ಟಿಪ್ಪು ಸುಲ್ತಾನ್ ಬಂದು ಮರಳಿ ಗೆದ್ದ. ಅಲ್ಲಿಂದ ಘಟ್ಟ ಇಳಿದು ಮಂಗಳೂರಿಗೆ ಮುತ್ತಿಗೆ ಹಾಕಿದ ಟಿಪ್ಪು ಮಾತ್ರ ಇಡೀ ಮಳೆಗಾಲ ಅಲ್ಲಿ ಸಿಕ್ಕಿಕೊಂಡ. ಆ ಮುತ್ತಿಗೆ ಮುಗಿದದ್ದು 1784ರ ಜನವರಿಯಲ್ಲಿ.

“ಅಂದ್ರೆ ಒಂದ್ಸಲಾನೂ ಮಳೆಗಾಲದಲ್ಲಿ ಬಿದ್ದಿಲ್ಲ!” ಎಂದ ಹರಪನಹಳ್ಳಿಯ ಹುಡುಗ. ಗೋಡೆಯಿಂದ ಇಳಿಯುವ ನೀರಿಗೆ ಅವನ ಟಿಪ್ಪಣಿ ಪುಸ್ತಕ ತೊಯ್ದು ಹೋಗಿತ್ತು. ಆದರೂ ಬರೆದುಕೊಂಡ.

ಹಳೆಯ ಕಾಲದ ಯುದ್ಧಗಳೆಲ್ಲ ಸಾಮಾನ್ಯವಾಗಿ ಒಣ ಹಂಗಾಮಿನಲ್ಲೇ ನಡೆದವು, ಅದರಲ್ಲೇನು ವಿಶೇಷ ಎಂದು ಕೇಳಬಹುದು. ವಿಶೇಷವಿದೆ. ಬೇರೆ ಅರಸರು ಮಳೆಗಾಲ ಕಳೆಯಲಿ ಎಂದು ಕಾದರು. ಕೆಳದಿಯವರು ಮಳೆಗಾಲದ ಒಳಗೇ ಹೋಗಿ ರಾಜಧಾನಿ ಕಟ್ಟಿದರು. ಗಾರೆ ಕಲ್ಲಿನ ಕೋಟೆಗೆ ಮೊದಲು ಕಾಡಿನ ಕೋಟೆ, ಅದಕ್ಕೂ ಮೊದಲು ನೀರಿನ ಕೋಟೆ. ವರ್ಷದಲ್ಲಿ ಐದಾರು ತಿಂಗಳು ಅದು ಭೇದಿಸಲಾಗದ್ದು. ಉಳಿದ ತಿಂಗಳುಗಳಿಗೆ ಬೇಕಾದ ಎಚ್ಚರ ಕೊನೆಗಾಲದ ಆಸ್ಥಾನದಲ್ಲಿ ಉಳಿದಿರಲಿಲ್ಲ, ಒಳಜಗಳವೇ ಹೆಚ್ಚಾಗಿತ್ತು.

ಸಂಜೆಯ ಬೆಳಕು ಇರುವಾಗಲೇ ಬಸವನಬ್ಯಾಣದ ದೇವಗಂಗೆಗೆ ಹೋದೆವು. ಕಲ್ಲು ಕಟ್ಟಿದ ಕೊಳಗಳ ಸಾಲು. ಗುಡ್ಡದ ಒರತೆ ಒಂದರಿಂದ ಇನ್ನೊಂದಕ್ಕೆ ತಾನಾಗಿ ಹರಿಯುತ್ತದೆ, ಬೇಸಿಗೆಯಲ್ಲೂ ನಿಲ್ಲುವುದಿಲ್ಲ. ನಾಲ್ಕು ತಿಂಗಳ ಮಳೆಯನ್ನು ಗುಡ್ಡ ಹಿಡಿದಿಟ್ಟು ಹನ್ನೆರಡು ತಿಂಗಳು ಕೊಡುವುದನ್ನು ಅರಿತವರು ಕಟ್ಟಿದ ಕೆಲಸ ಇದು. ಮೇಲಿನ ಕಾಡು ಹೋದರೆ ಈ ಕೊಳಗಳಿಗೆ ನೀರಿಲ್ಲ. ಇವನ್ನು ಉಳಿಸುವುದೆಂದರೆ ಕಲ್ಲಿಗೆ ಸುಣ್ಣ ಬಳಿಯುವುದಲ್ಲ, ಗುಡ್ಡವನ್ನು ಉಳಿಸುವುದು.

> ಚೌಕಟ್ಟು: ಮಳೆಯಲ್ಲಿ ಹೋಗುವವರಿಗೆ
>
> ಶಿವಮೊಗ್ಗದಿಂದ ಸಾಗರ ಸುಮಾರು 70 ಕಿ.ಮೀ. ಅಲ್ಲಿಂದ ಇಕ್ಕೇರಿ 6 ಕಿ.ಮೀ. ಸಾಗರದಿಂದ ಹೊಸನಗರದ ಮೇಲೆ ನಗರಕ್ಕೆ ಬರಬಹುದು. ಬೆಳಗ್ಗೆ ಬೇಗ ಹೊರಟರೆ ಒಂದು ದಿನಕ್ಕೆ ಆಗುತ್ತದೆ.
>
> ಇಂಬಳ ಹತ್ತಿದರೆ ಹೆದರಿ ಕೀಳಬೇಡಿ. ಉಪ್ಪು ಅಥವಾ ಸುಣ್ಣ ತಾಗಿಸಿದರೆ ತಾನೇ ಬಿಡುತ್ತದೆ. ಕಾಲಿಗೆ ಬೇವಿನೆಣ್ಣೆ ಸವರಿಕೊಳ್ಳಿ.
>
> ಕೊಳ, ಕಂದಕಗಳ ಮೆಟ್ಟಿಲು ಪಾಚಿಗಟ್ಟಿರುತ್ತವೆ. ಯಾವ ಕಾರಣಕ್ಕೂ ಮಕ್ಕಳನ್ನು ನೀರಿಗೆ ಇಳಿಸಬೇಡಿ.
>
> ಜಿಲ್ಲಾಡಳಿತ ಮಳೆಯ ರಜೆ ಘೋಷಿಸಿದ ದಿನ ಹೊರಡಬೇಡಿ. ಘಟ್ಟದ ರಸ್ತೆಯ ಸ್ಥಿತಿಯನ್ನು ಹಿಂದಿನ ದಿನವೇ ವಿಚಾರಿಸಿ.

ದಿನಾಂಕ ಬದಲಿಸಿ

ಕಾಲೇಜುಗಳ ಇತಿಹಾಸ ವಿಭಾಗಗಳಿಗೆ, ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕರಿಗೆ ನನ್ನ ಕೋರಿಕೆ ಇಷ್ಟೇ. ಈ ವರ್ಷದ ಅಧ್ಯಯನ ಪ್ರವಾಸದ ಪಟ್ಟಿಯಲ್ಲಿ ಕೆಳದಿ, ಇಕ್ಕೇರಿ, ನಗರ ಇದ್ದರೆ ಅದನ್ನು ಡಿಸೆಂಬರ್‌ಗೆ ತಳ್ಳಬೇಡಿ. ಪುನರ್ವಸು, ಪುಷ್ಯದ ಅಬ್ಬರಕ್ಕೆ ಪೋಷಕರು ಹೆದರುವುದಾದರೆ ಮಘೆ, ಹುಬ್ಬೆಯವರೆಗೆ ಕಾಯಿರಿ. ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಮಳೆಯೂ ಇರುತ್ತದೆ, ನಡುನಡುವೆ ಬಿಡುವೂ ಸಿಗುತ್ತದೆ. ಕೆಳದಿ ವಸ್ತುಸಂಗ್ರಹಾಲಯಕ್ಕೆ ಮುಂಚಿತವಾಗಿ ತಿಳಿಸಿ, ತಾಳೆಗರಿ ನೋಡಲು ಒಂದು ಗಂಟೆ ಕೇಳಿಕೊಳ್ಳಿ. ಗುಂಪಿನಲ್ಲಿ ಮಲೆನಾಡಿನ ಮಕ್ಕಳು ಇದ್ದರೆ ವಿವರಣೆಯ ಒಂದು ಭಾಗವನ್ನು ಅವರಿಗೇ ಬಿಟ್ಟುಕೊಡಿ. ಪ್ರತಿ ವಿದ್ಯಾರ್ಥಿಗೂ ಒಂದು ಛತ್ರಿ, ಒಂದು ಜೊತೆ ಒಣಬಟ್ಟೆ ಇದ್ದರೆ ಸಾಕು.